ಪರಂಗಿಮಲೆಯ ಮೇಲಿಂದ ಕಂಡ ಹೊಗೆ

1776ರ ಆಗಸ್ಟ್ 24ರ ಸಂಜೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಒಂದು ಕುದುರೆಗಾಡಿ ಹೊರಬಿತ್ತು. ಒಳಗೆ ಇಬ್ಬರು. ಒಬ್ಬ ಗವರ್ನರ್ ಲಾರ್ಡ್ ಪಿಗಟ್, ಇನ್ನೊಬ್ಬ ಸೇನೆಯ ಕರ್ನಲ್ ಜೇಮ್ಸ್ ಸ್ಟುವರ್ಟ್. ಅವತ್ತು ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಂಡಿದ್ದರು. ಊರಾಚೆಯ ತೋಟದ ಮನೆಗೆ ಹೊರಟ ಗವರ್ನರನ ಗಾಡಿಗೆ ಕರ್ನಲ್ ತಾನಾಗಿಯೇ ಹತ್ತಿಕೊಂಡಿದ್ದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿಗೆ ಅಡ್ಡವಾಗಿ ಅಧಿಕಾರಿಗಳು ನಿಂತರು. ಪಿಗಟ್ ಪಕ್ಕಕ್ಕೆ ತಿರುಗಿ ನೋಡಿದ. ಪಕ್ಕದಲ್ಲಿದ್ದವನೇ ಸಂಚುಗಾರ! ಗವರ್ನರನನ್ನು ಕೆಳಗಿಳಿಸಿ ಅಲ್ಲೇ ಕಾದಿದ್ದ ಇನ್ನೊಂದು ಗಾಡಿಗೆ ಹತ್ತಿಸಿದರು. ಆ ಗಾಡಿ ಪಾಲ್ ಬೆನ್‌ಫೀಲ್ಡ್ ಎಂಬ ಸಾಲಿಗನದು. ಅದು ಓಡಿದ್ದು ನೇರ ಸೇಂಟ್ ಥಾಮಸ್ ಮೌಂಟಿಗೆ, ತಮಿಳರ ಬಾಯಲ್ಲಿ ಪರಂಗಿಮಲೆಗೆ. ಮುಂದಿನ ಮೇ ತಿಂಗಳಲ್ಲಿ ಪಿಗಟ್ ಸೆರೆಯಲ್ಲೇ ಸತ್ತ.

ಇದಕ್ಕೆ ಸರಿಯಾಗಿ ಐವತ್ತೊಂದು ದಿನ ಮೊದಲು ಫಿಲಡೆಲ್ಫಿಯಾದಲ್ಲಿ ಅಮೆರಿಕನ್ನರು ಇಂಗ್ಲೆಂಡಿನ ನೊಗ ಕಿತ್ತೆಸೆದಿದ್ದರು. ಆ ಸುದ್ದಿ ಹೊತ್ತ ಹಡಗು ಇನ್ನೂ ಇತ್ತ ಮುಖ ಮಾಡಿರಲಿಲ್ಲ. ಅಲ್ಲಿ ಜನ ರಾಜನ ಮೇಲೆ ತಿರುಗಿಬಿದ್ದರೆ ಇಲ್ಲಿ ಗುಮಾಸ್ತರೂ ಸಾಲಿಗರೂ ಗವರ್ನರನ ಮೇಲೆ ಬಿದ್ದಿದ್ದರು. ಆರ್ಕಾಟಿನ ನವಾಬ ಮುಹಮ್ಮದಾಲಿಗೂ ಇತರರಿಗೂ ಸಾಲ ಕೊಟ್ಟಿದ್ದೇನೆ, ಒಟ್ಟು 2,34,000 ಪೌಂಡು ತಂಜಾವೂರಿನ ಬೆಳೆಯಿಂದ ವಸೂಲಾಗಬೇಕು ಎಂದು ಬೆನ್‌ಫೀಲ್ಡ್ ಲೆಕ್ಕ ಒಡ್ಡಿದ್ದ. ಪಿಗಟ್ ಒಪ್ಪಿರಲಿಲ್ಲ. ಅಷ್ಟೇ ಅವನ ತಪ್ಪು.

ಸ್ಟುವರ್ಟ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಅವನ ಒಂದು ಕಾಲು ಹೋಗುವುದಿದೆ.

ಮೈಸೂರಿನಿಂದ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಹಿಡಿದು ಬೆಳಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಯುವ ನಮ್ಮವರು ಪಕ್ಕದ ವಾಲ್ ಟ್ಯಾಕ್ಸ್ ರಸ್ತೆಯಲ್ಲಿ ಆಟೋದವನೊಂದಿಗೆ ಚೌಕಾಶಿ ಮಾಡುತ್ತಾ ನಿಲ್ಲುತ್ತೇವೆ. ಆ ರಸ್ತೆಯ ಹೆಸರಿನಲ್ಲಿರುವ ಗೋಡೆ ನಮ್ಮೂರಿನವನೊಬ್ಬನ ಭಯಕ್ಕೆ ಎದ್ದದ್ದು. 1769ರ ಮಾರ್ಚ್ ಕೊನೆಯಲ್ಲಿ ಹೈದರಾಲಿ ಆರು ಸಾವಿರ ಸವಾರರನ್ನು ಆರಿಸಿಕೊಂಡು, ತೋಪು-ಸಾಮಾನುಗಳನ್ನೆಲ್ಲ ಹಿಂದೆ ಕಳಿಸಿ, ಮೂರೂವರೆ ದಿನಕ್ಕೆ 130 ಮೈಲಿ ಕುದುರೆ ಓಡಿಸಿ ಪರಂಗಿಮಲೆಯ ಬುಡದಲ್ಲಿ ಬಂದು ನಿಂತಿದ್ದ. ಅವನನ್ನು ಹುಡುಕುತ್ತಾ ಇಂಗ್ಲಿಷರ ದಂಡು ಎಲ್ಲೋ ದಕ್ಷಿಣದಲ್ಲಿ ಅಲೆಯುತ್ತಿತ್ತು. ಕೋಟೆಯೊಳಗಿನವರಿಗೆ ಉಗುಳು ನುಂಗಿ ಸಹಿ ಹಾಕದೆ ಗತಿಯಿರಲಿಲ್ಲ. ಏಪ್ರಿಲ್ ಮೊದಲ ವಾರ ಆದ ಆ ಒಪ್ಪಂದದಂತೆ ಯಾರ ಮೇಲೆ ಯಾರೇ ದಂಡೆತ್ತಿ ಬಂದರೂ ಇಬ್ಬರೂ ಒಬ್ಬರಿಗೊಬ್ಬರು ನೆರವಾಗಬೇಕು. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಿದ್ದರು. ಮದರಾಸು ಕಣ್ಣು ಮುಚ್ಚಿಕೊಂಡು ಕೂತಿತು. ಹೈದರ್ ಅದನ್ನು ಮರೆಯಲಿಲ್ಲ. ಇತ್ತ ಮದರಾಸು ಕರಿಯರ ಪಟ್ಟಣದ ಸುತ್ತ ಗೋಡೆ ಎಬ್ಬಿಸಿತು. ಗುತ್ತಿಗೆ ಹಿಡಿದವನು ಅದೇ ಬೆನ್‌ಫೀಲ್ಡ್! ಖರ್ಚಿಗೆ ಊರಿನವರ ಮೇಲೆ ತೆರಿಗೆ ಹಾಕಲು ಹೊರಟರು, ಅದು ವಸೂಲಾಗಲಿಲ್ಲ. ಗೋಡೆಯೂ ಬಹುಪಾಲು ಬಿತ್ತು. ಹಾಕದ ತೆರಿಗೆಯ ಹೆಸರು ಮಾತ್ರ ರಸ್ತೆಗೆ ಅಂಟಿಕೊಂಡಿತು.

ಈಗ ಅಮೆರಿಕಕ್ಕೆ ಬರೋಣ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಎರಡನೇ ಆಂಗ್ಲೋ-ಮೈಸೂರು ಯುದ್ಧ ಒಂದು ಪಾಠ, ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಇನ್ನೊಂದು ಪಾಠ, ನಡುವೆ ನೂರು ಪುಟ. ನಿಜಕ್ಕೂ ಅವೆರಡೂ ಒಂದೇ ಬೆಂಕಿ. 1778ರಲ್ಲಿ ಫ್ರಾನ್ಸ್ ಅಮೆರಿಕನ್ನರ ಕೈ ಹಿಡಿಯಿತು. ಕಿಡಿ ಸಮುದ್ರ ಹಾರಿ ಇಲ್ಲಿಗೆ ಬಿತ್ತು. ಅಕ್ಟೋಬರಿನಲ್ಲಿ ಮದರಾಸಿನ ಸೇನಾಪತಿ ಹೆಕ್ಟರ್ ಮನ್ರೋ ಫ್ರೆಂಚರ ಪಾಂಡಿಚೇರಿಯನ್ನು ಗೆದ್ದ. 1779ರ ಮಾರ್ಚಿನಲ್ಲಿ ಮಲಬಾರಿನ ಮಾಹೆಯೂ ಬಿತ್ತು. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದು ಹೈದರ್ ಮೊದಲೇ ಎಚ್ಚರಿಸಿದ್ದ. ಅವನ ದಂಡಿಗೆ ಬೇಕಾದ ಬಂದೂಕು, ಮದ್ದು ಬರುತ್ತಿದ್ದುದು ಆ ಬಂದರಿನಿಂದ. ಅದೇ ಕೈತಪ್ಪಿತು.

1780ರ ಜುಲೈ. ಎಂಬತ್ತು-ತೊಂಬತ್ತು ಸಾವಿರ ಜನರ ದಂಡು ಚೆಂಗಮ ಕಣಿವೆಯಿಂದ ಕೆಳಗಿಳಿಯಿತು. ಅರವತ್ತರ ಆಸುಪಾಸಿನ ಹೈದರ್ ಮುಂದೆ, ಮೂವತ್ತರ ಹೊಸ್ತಿಲಿನ ಟಿಪ್ಪು ಜೊತೆಗೆ. ಮದರಾಸಿನಲ್ಲಿ ಏನು ನಡೆಯುತ್ತಿತ್ತು? ಗವರ್ನರ್ ರಂಬೋಲ್ಡ್ ಏಪ್ರಿಲ್‌ನಲ್ಲೇ ಹಡಗು ಹತ್ತಿ ಊರಿಗೆ ಹೋಗಿದ್ದ. ಅವನ ಜಾಗದಲ್ಲಿದ್ದ ವೈಟ್‌ಹಿಲ್‌ಗೆ ಹರಕಾರರು ತಂದ ಸುದ್ದಿಯೆಲ್ಲ ಬರೀ ಗಾಳಿಮಾತು. ಗಡಿಯ ಕೋಟೆಗಳಿಂದ ಓಲೆಗಳು ಬಂದವು. ಪೋರ್ಟೋ ನೋವೋ ಸುಲಿಗೆಯಾಯಿತು, ಕಂಚಿಯೂ ಆಯಿತು. ಆದರೂ ನಂಬಿಕೆಯಿಲ್ಲ. ಕೊನೆಗೊಂದು ದಿನ ಪರಂಗಿಮಲೆಯ ಮೇಲೆ ನಿಂತವರ ಕಣ್ಣಿಗೇ ಕಂಡಿತು. ಅಂಚಿನುದ್ದಕ್ಕೂ ಕಪ್ಪು ಕಂಬಗಳಂತೆ ಹೊಗೆ.

ಆಗಸ್ಟ್ 10ರ ಹೊತ್ತಿಗೆ ಮೈಸೂರಿನ ಸವಾರರು ಊರಿನ ಸುತ್ತಲ ಹಳ್ಳಿಗಳಲ್ಲೇ ಇದ್ದರು. ಬಂಡಿ, ಬುಟ್ಟಿ, ಕೂಸು, ಕರು ಎಲ್ಲವನ್ನೂ ಎಳೆದುಕೊಂಡು ರೈತರು ಗೋಡೆಯತ್ತ ಓಡಿಬಂದರು. ಹೈದರ್ ಮಾಡುತ್ತಿದ್ದುದು ಬರೀ ಸುಲಿಗೆಯಲ್ಲ, ಲೆಕ್ಕಾಚಾರ. ಮದರಾಸಿನ ಸುತ್ತ ಮೂವತ್ತು ಮೈಲಿಗೂ ಹೆಚ್ಚು ಅಗಲಕ್ಕೆ ಊರು, ಬೆಳೆ, ಹುಲ್ಲಿನ ಬಣವೆ ಏನನ್ನೂ ಉಳಿಸದೆ ಸುಡಿಸಿದ. ಇಂಗ್ಲಿಷರ ದಂಡು ಕೋಟೆ ಬಿಟ್ಟು ಹೊರಬಂದರೆ ಒಂದು ಹಿಡಿ ಅಕ್ಕಿ, ಒಂದು ಕಟ್ಟು ಹುಲ್ಲು ಸಿಗಬಾರದು. ಕನ್ನಡದಲ್ಲಿ ಈ ಕಥೆ ಹೇಳುವಾಗ ನಮ್ಮವರ ಗೆಲುವು ಎಂದು ಎದೆ ಉಬ್ಬುತ್ತದೆ. ಸುಟ್ಟುಹೋದ ಆ ಹಳ್ಳಿಗಳು ಇಂಗ್ಲಿಷರವಲ್ಲ, ತೊಂಡೈನಾಡಿನ ಒಕ್ಕಲಿಗರವು ಎಂಬುದನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ.

ಇಷ್ಟರಲ್ಲಿ ಒಬ್ಬ ಹುಚ್ಚು ಧೈರ್ಯದ ಹುಡುಗ. ಲೆಫ್ಟಿನೆಂಟ್ ಫ್ಲಿಂಟ್ ನೂರು ಸಿಪಾಯಿಗಳೊಂದಿಗೆ ವಂದವಾಸಿ ಕೋಟೆಗೆ ಬಂದಾಗ ಒಳಗಿದ್ದ ಕಿಲ್ಲೇದಾರ ಹೈದರನಿಗೆ ಬೀಗದಕೈ ಒಪ್ಪಿಸಲು ಸಿದ್ಧನಾಗಿದ್ದ. ನವಾಬನ ಪತ್ರವಿದೆ, ಕೈಗೇ ಕೊಡಬೇಕು ಎಂದು ನೆಪ ಹೇಳಿ ಫ್ಲಿಂಟ್ ನಾಲ್ವರು ಸಿಪಾಯಿಗಳ ಜೊತೆ ಹತ್ತಿರ ಸರಿದ. ಮರುಕ್ಷಣ ಕಿಲ್ಲೇದಾರನ ಎದೆಗೆ ಬಾಗುನೆಟ್ಟು! ಗಲಿಬಿಲಿಯಲ್ಲಿ ಹೊರಗಿದ್ದ ಸಿಪಾಯಿಗಳು ಒಳನುಗ್ಗಿದರು. ಅಂದಿನಿಂದ ಮರುವರ್ಷದ ಜನವರಿಯವರೆಗೆ, ಮದ್ದನ್ನು ತಾನೇ ಅರೆಸಿಕೊಂಡು, ಸುತ್ತ ಮೈಸೂರಿನ ದಂಡು ಸುರಂಗ ತೋಡುತ್ತಿದ್ದರೂ ಅವನು ಕೋಟೆ ಬಿಡಲಿಲ್ಲ.

ಎಲ್ಲರಿಗೂ ಫ್ಲಿಂಟನ ಅದೃಷ್ಟ ಇರಲಿಲ್ಲ. ಕರ್ನಲ್ ಬೇಲಿ ಉತ್ತರದ ಗುಂಟೂರಿನಿಂದ 2,800 ಜನರೊಡನೆ ಇಳಿದು ಬರುತ್ತಿದ್ದ. ಆಗಸ್ಟ್ 25ರಂದು ಕೊಸಸ್ಥಲೈಯಾರ್ ಹೊಳೆಯ ಬಡಗಣ ದಡ ಮುಟ್ಟಿದ. ನೀರು ಬತ್ತಿಹೋಗಿತ್ತು. ದಣಿದಿದ್ದಾರೆ, ನಾಳೆ ದಾಟೋಣ ಎಂದು ಅಲ್ಲೇ ಡೇರೆ ಹೊಡೆಸಿದ. ರಾತ್ರಿ ಮೇಲುಸೀಮೆಯಲ್ಲಿ ಮಳೆ ಸುರಿಯಿತು. ಬೆಳಗ್ಗೆ ಎದ್ದು ನೋಡಿದರೆ ಹೊಳೆ ದಡ ಮೀರಿ ಕೆಂಪಗೆ ಓಡುತ್ತಿದೆ. ಒಂದು ದಿನವಲ್ಲ, ಎರಡಲ್ಲ, ಸೆಪ್ಟೆಂಬರ್ ಬರುವವರೆಗೂ ನೀರು ಇಳಿಯಲಿಲ್ಲ. ಒಂದೇ ಒಂದು ರಾತ್ರಿಯ ಆಲಸ್ಯ!

ಅತ್ತ ಮನ್ರೋ ಐದು ಸಾವಿರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಪರಂಗಿಮಲೆಯಿಂದ ಹೊರಟು ಕಂಚಿಯಲ್ಲಿ ಕೂತಿದ್ದ. ಎರಡೂ ದಂಡು ಮದರಾಸಿನಲ್ಲೇ ಸೇರಲಿ, ನಡುಬಯಲಿನಲ್ಲಿ ಬೇಡ ಎಂದು ಅನುಭವಿಗಳು ಹೇಳಿದ್ದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೈದರ್ ಆರ್ಕಾಟಿನ ಮುತ್ತಿಗೆ ಬಿಟ್ಟು ಇಬ್ಬರ ನಡುವೆ ಬಂದು ನಿಂತ. ಹತ್ತು ಸಾವಿರ ಜನ, ಹದಿನೆಂಟು ತೋಪು ಕೊಟ್ಟು ಟಿಪ್ಪುವನ್ನು ಬೇಲಿಯ ಮೇಲೆ ಬಿಟ್ಟ. ಸೆಪ್ಟೆಂಬರ್ 6ರಂದು ಪೆರಂಬಾಕಂ ಬಳಿ ಮೂರು ಗಂಟೆಗಳ ಕಾಲ ಗುಂಡು ಹಾರಿತು. ಯಾರೂ ಗೆಲ್ಲಲಿಲ್ಲ. ನಾನು ಮುಂದೆ ಬರಲಾರೆ, ನೀವೇ ಬನ್ನಿ ಎಂದು ಬೇಲಿ ಓಲೆ ಕಳಿಸಿದ. ಮನ್ರೋ ತಾನು ಬರಲಿಲ್ಲ. ಕರ್ನಲ್ ಫ್ಲೆಚರ್ ಜೊತೆ ಸಾವಿರ ಆಯ್ದ ಸೈನಿಕರನ್ನು ಕಳಿಸಿದ. ದಾರಿ ತೋರಿಸಲು ಬಂದವರ ಮೇಲೆ ಗುಮಾನಿ ಬಂದ ಫ್ಲೆಚರ್ ಕತ್ತಲಲ್ಲಿ ಹಠಾತ್ತನೆ ದಾರಿ ಬದಲಿಸಿದ. ಗುಮಾನಿ ಸರಿಯಾಗಿತ್ತು. ಹೈದರನ ಜನ ಹೊಂಚು ಹಾಕಿದ್ದ ದಾರಿ ತಪ್ಪಿ, 9ರ ಬೆಳಗ್ಗೆ ಅವನು ಬೇಲಿಯನ್ನು ಸೇರಿಕೊಂಡ. ಪಾಳೆಯದಲ್ಲಿ ಹಬ್ಬ. ಅವತ್ತೇ ರಾತ್ರಿ ಎಲ್ಲರೂ ಕಂಚಿಯತ್ತ ಹೆಜ್ಜೆ ಹಾಕಿದರು.

ಕತ್ತಲು. ಅಕ್ಕಪಕ್ಕದಲ್ಲಿ ಮೈಸೂರಿನ ಬಾಣಗಳು ಸುಂಯ್ಯೆಂದು ಹಾರಿ ಬೀಳುತ್ತಿವೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಉದ್ದನೆಯ ಬಿದಿರಿಗೆ ಕಟ್ಟಿ ಹಾರಿಸುವ ಬಾಣ ಅದು. ಎತ್ತುಗಳು ಬೆದರಿ ನೊಗ ಮುರಿಯುತ್ತಿವೆ. ಮನ್ರೋ ಇರುವ ಜಾಗಕ್ಕೆ ಒಂಬತ್ತು ಮೈಲಿಯಷ್ಟೇ. ಆಗ ಬೇಲಿ ನಿಲ್ಲಿಸಿಬಿಟ್ಟ! ನಡೆಯೋಣ, ನಿಲ್ಲುವುದು ಬೇಡ ಎಂದು ಅಧಿಕಾರಿಗಳು ಒತ್ತಾಯಿಸಿದರು. ಬೆಳಗಾಗಲಿ ಎಂದ. ಹೊಳೆಯ ದಡದಲ್ಲಿ ಮಾಡಿದ ತಪ್ಪನ್ನೇ ಮತ್ತೊಮ್ಮೆ ಮಾಡಿದ. ಮನ್ರೋ ಅಲುಗಾಡುತ್ತಿಲ್ಲ ಎಂಬ ಸುದ್ದಿಯನ್ನು ಹರಕಾರರು ಹೈದರನಿಗೆ ಮುಟ್ಟಿಸಿದರು. ಅವನು ಡೇರೆಗಳನ್ನು ಹಾಗೇ ಬಿಟ್ಟು ಇಡೀ ದಂಡನ್ನು ರಾತ್ರೋರಾತ್ರಿ ಸರಿಸಿದ.

10ರ ಬೆಳಗ್ಗೆ ಪುಳ್ಳಲೂರು. ಇಂಗ್ಲಿಷರ ನಾಲಿಗೆಯಲ್ಲಿ ಪೊಲ್ಲಿಲೂರ್. ಇದೇ ಊರಿನಲ್ಲಿ ಪಲ್ಲವ ಮಹೇಂದ್ರವರ್ಮ ಶತ್ರುಗಳನ್ನು ಸದೆಬಡಿದ ಎಂದು ಕಾಶಾಕುಡಿ ತಾಮ್ರಶಾಸನ ಹೇಳುತ್ತದೆ. ಆ ಶತ್ರು ಬಾದಾಮಿಯ ನಮ್ಮ ಇಮ್ಮಡಿ ಪುಲಕೇಶಿ ಎಂದು ಇತಿಹಾಸಕಾರರ ಊಹೆ. ಕನ್ನಡ ಸೀಮೆಯ ದಂಡುಗಳಿಗೂ ಈ ಬಯಲಿಗೂ ಹಳೇ ಲೆಕ್ಕ.

ಟಿಪ್ಪುವಿನ ತೋಪುಗಳು ಮೊದಲು ಗುಡುಗಿದವು. ಬೇಲಿಯ ದಂಡು ಚೌಕ ಕಟ್ಟಿ ನಿಂತಿತು. ಹೊರಗೆ ಬಾಗುನೆಟ್ಟಿನ ಸಾಲು, ಒಳಗೆ ಗಾಯಾಳುಗಳು, ಮದ್ದಿನ ಬಂಡಿಗಳು, ದಂಡಿನ ಹಿಂದೆ ಬಂದ ಸಾಮಾನ್ಯ ಜನ. ಅಷ್ಟೊತ್ತಿಗೆ ದೂರದಲ್ಲಿ ಧೂಳೆದ್ದಿತು. ಧೂಳಿನೊಳಗೆ ಕೆಂಪಂಗಿಗಳು, ಇಂಗ್ಲಿಷ್ ಪಥಸಂಚಲನದ ವಾದ್ಯ. ಮನ್ರೋ ಬಂದ! ಟೋಪಿಗಳು ಗಾಳಿಗೆ ಹಾರಿದವು. ಧೂಳು ಸರಿಯಿತು. ಬಂದವರು ಹೈದರನ ಪದಾತಿಗಳು. ಅವರ ಬೆನ್ನಿಗೆ ಇಡೀ ಮೈಸೂರು.

ಐವತ್ತಕ್ಕೂ ಹೆಚ್ಚು ತೋಪುಗಳು ಒಂದೇ ಚೌಕದ ಮೇಲೆ. ಆದರೂ ಚೌಕ ಒಡೆಯಲಿಲ್ಲ. ಸವಾರರು ನುಗ್ಗಿದಷ್ಟು ಸಲ ಹಿಂದೆ ತಳ್ಳಿಸಿಕೊಂಡರು. ಆಮೇಲೆ ಒಂದು ಬಾಣವೋ ಗುಂಡೋ ಮದ್ದಿನ ಬಂಡಿಗೆ ತಾಗಿತು. ಬಂಡಿ ಸಿಡಿಯಿತು. ಪಕ್ಕದ್ದೂ ಸಿಡಿಯಿತು. ಚೌಕದ ಮಧ್ಯದಲ್ಲೇ ಬೆಂಕಿಯ ಬಾವಿ. ಉಳಿದ ಮದ್ದೂ ಹೋಯಿತು, ತೋಪುಗಳು ಮೂಕವಾದವು. ಅಲ್ಲಿಂದ ಮುಂದೆ ಕತ್ತಿ, ಬಾಗುನೆಟ್ಟು, ಬರಿಗೈ. ಫ್ಲೆಚರ್ ಬಿದ್ದ. ಗಾಯಗೊಂಡ ಬೇಲಿ ಕತ್ತಿಯ ತುದಿಗೆ ಬಿಳಿ ಕರವಸ್ತ್ರ ಕಟ್ಟಿ ಎತ್ತಿದ. ಗದ್ದಲದಲ್ಲಿ ಕೆಲವು ಸಿಪಾಯಿಗಳು ಇನ್ನೂ ಗುಂಡು ಹಾರಿಸುತ್ತಿದ್ದರು, ಹಾಗಾಗಿ ಆ ವಸ್ತ್ರಕ್ಕೆ ಬೆಲೆ ಸಿಗಲಿಲ್ಲ. ಹೈದರನ ಜೊತೆಗಿದ್ದ ಫ್ರೆಂಚ್ ಅಧಿಕಾರಿ ಲಾಲಿ ನಡುವೆ ಬಂದು ತಡೆಯದಿದ್ದರೆ ಒಬ್ಬನೂ ಉಳಿಯುತ್ತಿರಲಿಲ್ಲ. ಎಂಬತ್ತಾರು ಯುರೋಪಿಯನ್ ಅಧಿಕಾರಿಗಳಲ್ಲಿ ಗಾಯವಿಲ್ಲದೆ ಸೆರೆಸಿಕ್ಕವರು ಹದಿನಾರು ಮಂದಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆಯಲ್ಲಿ ಇದೆಲ್ಲ ಇದೆ. ಕೆಂಪಂಗಿಗಳ ಚೌಕ, ಸಿಡಿಯುವ ಬಂಡಿ, ಪಲ್ಲಕ್ಕಿಯಲ್ಲಿ ಕುಗ್ಗಿ ಕೂತ ಬೇಲಿ, ಹೂ ಮೂಸುತ್ತಾ ಬರುವವರಂತೆ ಆನೆಯ ಮೇಲೆ ಅಪ್ಪ-ಮಗ. ಶಾಲೆಯ ಪ್ರವಾಸದಲ್ಲಿ ಆ ಗೋಡೆಯ ಮುಂದೆ ನಾವೆಲ್ಲ ಎರಡು ನಿಮಿಷ ನಿಂತಿರುತ್ತೇವೆ. ಅದರಾಚೆ ಅಮೆರಿಕ ಇದೆ ಎಂದು ಯಾವ ಗೈಡೂ ಹೇಳಿದ್ದು ನನಗೆ ನೆನಪಿಲ್ಲ.

ಮನ್ರೋಗೆ ತೋಪಿನ ಸದ್ದು ಕೇಳಿತ್ತು. ಹೊರಟ, ದಾರಿ ತಪ್ಪಿದ, ತಡವಾಯಿತು. ಎದುರಿಗೆ ಗಾಯಗೊಂಡ ಸಿಪಾಯಿಯೊಬ್ಬ ಬಂದು ಎಲ್ಲ ಮುಗಿಯಿತೆಂದ. ಮನ್ರೋ ಕಂಚಿಗೆ ಹಿಂತಿರುಗಿ ತನ್ನ ಭಾರಿ ತೋಪುಗಳನ್ನು ಕೆರೆಗೆ ನೂಕಿಸಿ ಕಾಲಿಗೆ ಬುದ್ಧಿ ಹೇಳಿದ. ಬೆನ್ನಟ್ಟಿದ ಸವಾರರ ಕೈಗೆ ದಂಡಿನ ಬಾಲ ಸಿಗುತ್ತಲೇ ಇತ್ತು. ನಾಲ್ಕೇ ದಿನಕ್ಕೆ ಪರಂಗಿಮಲೆ ತಲುಪಿದ. ಬಕ್ಸಾರಿನಲ್ಲಿ ಗೆದ್ದು ಹೆಸರು ಮಾಡಿದ್ದ ಮನ್ರೋ ಇವನೇ.

ಆ ದಿನ ಹೈದರ್ ಮದರಾಸಿಗೆ ನುಗ್ಗಿದ್ದರೆ? ಇಂಗ್ಲಿಷರೇ ಈ ಪ್ರಶ್ನೆ ಕೇಳಿಕೊಂಡು ಬೆವತಿದ್ದಾರೆ. ಅವನು ಆರ್ಕಾಟಿಗೆ ಹಿಂತಿರುಗಿದ, ನವೆಂಬರ್ 3ರಂದು ಅದನ್ನು ಗೆದ್ದ. ನನಗೆ ಅವನ ನಡೆ ಹೇಡಿತನದ್ದು ಅನ್ನಿಸುವುದಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವವನಲ್ಲ ಅವನು. ಊರನ್ನು ಹಸಿವಿನಿಂದ ಕೊಲ್ಲಲು ಹೊರಟಿದ್ದ. ಅದಕ್ಕೆ ಸಮುದ್ರದ ಕಡೆಯ ಬಾಗಿಲೂ ಮುಚ್ಚಬೇಕಿತ್ತು. ಆ ಬಾಗಿಲು ಫ್ರೆಂಚರ ಕೈಲಿತ್ತು.

ನವೆಂಬರ್ 5ರಂದು ಬಂಗಾಳದಿಂದ ಮುದಿ ಸೇನಾಪತಿ ಐರ್ ಕೂಟ್ ಬಂದಿಳಿದ. ಜೊತೆಗೆ ಹದಿನೈದು ಲಕ್ಷ ರೂಪಾಯಿ, ವೈಟ್‌ಹಿಲ್‌ನನ್ನು ಕೆಳಗಿಳಿಸುವ ಹುಕುಂ. ವಂದವಾಸಿಯಲ್ಲಿ ಫ್ಲಿಂಟನನ್ನು ಬಿಡಿಸಿಕೊಂಡು, ಕಡಲೂರಿನವರೆಗೆ ಹೋದ. ಹೋಗಿ ಸಿಕ್ಕಿಬಿದ್ದ. ಭೂಮಿಯ ಕಡೆ ಹೈದರ್, ಕಡಲಿನಲ್ಲಿ ಆಗಷ್ಟೇ ಕಾಣಿಸಿಕೊಂಡ ಫ್ರೆಂಚ್ ಹಡಗುಪಡೆ, ನಡುವೆ ಅಕ್ಕಿ ಮುಗಿಯುತ್ತಿರುವ ಕೂಟ್. ಮದರಾಸಿಗೆ ಉಳಿದಿದ್ದ ಒಂದೇ ಸೇನೆ ಅದು. ಇನ್ನೊಂದೆರಡು ವಾರ ನಿಲ್ಲು ಸಾಕು ಎಂದು ಹೈದರ್ ಫ್ರೆಂಚ್ ನೌಕಾಪತಿ ದೊರ್ವನನ್ನು ಬೇಡಿಕೊಂಡ. 1781ರ ಫೆಬ್ರವರಿ ಮಧ್ಯದಲ್ಲಿ ದೊರ್ವ್ ಲಂಗರು ಎತ್ತಿಸಿ ಹೊರಟೇಹೋದ! ಹೈದರ್ ದಡದಲ್ಲಿ ನಿಂತು ಕೈಕೈ ಹಿಸುಕಿಕೊಂಡಿರಬೇಕು. ಇಂಗ್ಲಿಷರನ್ನು ನೆಲದ ಮೇಲೆ ಹಾಳು ಮಾಡಬಲ್ಲೆ, ಕಡಲನ್ನು ಬತ್ತಿಸಲಾರೆ ಎಂದು ಅವನು ತನ್ನ ಮಂತ್ರಿ ಪೂರ್ಣಯ್ಯನ ಮುಂದೆ ಹೇಳಿದನೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಜುಲೈ 1ರಂದು ಪೋರ್ಟೋ ನೋವೋದಲ್ಲಿ ಕೂಟ್ ಗೆದ್ದ. ಆಗಸ್ಟ್ 27ರಂದು ಹಠ ಹಿಡಿದು ಅದೇ ಪುಳ್ಳಲೂರಿನ ಬಯಲಿಗೆ ಹೈದರ್ ಕಾದ. ಶಕುನದ ಜಾಗ, ಶಕುನದ ತಿಂಗಳು. ಒಂದು ವರ್ಷದ ಹಿಂದೆ ಬಿದ್ದವರ ಎಲುಬುಗಳು ಕಾಲಿಗೆ ತೊಡರುತ್ತಿದ್ದವು. ಆ ದಿನ ಯಾರೂ ಗೆದ್ದೆವೆಂದು ಗಟ್ಟಿಯಾಗಿ ಹೇಳಲಾಗಲಿಲ್ಲ. ಆದರೆ ಒಂದು ತೋಪಿನ ಗುಂಡು ಜನರಲ್ ಜೇಮ್ಸ್ ಸ್ಟುವರ್ಟನ ಕಾಲನ್ನು ಕಿತ್ತುಕೊಂಡು ಹೋಯಿತು. ಹೌದು, ಅದೇ ಸ್ಟುವರ್ಟ್.

ಇತ್ತ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕ್ಯಾಪ್ಟನ್ ಡೇವಿಡ್ ಬೇರ್ಡ್ ಎಂಬ ಭಾರಿ ಆಳು. ಪುಳ್ಳಲೂರಿನಲ್ಲಿ ಅವನ ತಲೆಗೆ ಎರಡು ಕತ್ತಿಯೇಟು, ತೊಡೆಗೆ ಗುಂಡು, ತೋಳಿಗೆ ಈಟಿ. ಸತ್ತನೆಂದು ಬಿಟ್ಟುಹೋಗಿದ್ದರು. ಕತ್ತಲಾದ ಮೇಲೆ ಪ್ರಜ್ಞೆ ಬಂದು ಒಂದಿಬ್ಬರು ಸಂಗಾತಿಗಳೊಡನೆ ತೆವಳಿಕೊಂಡು ಫ್ರೆಂಚ್ ಪಾಳೆಯ ಸೇರಿದ. ಫ್ರೆಂಚರು ಅವನನ್ನು ಹೈದರನಿಗೆ ಒಪ್ಪಿಸಬೇಕಾಯಿತು. ಗುಂಡು ತೊಡೆಯಲ್ಲೇ ಉಳಿಯಿತು. ಬೇಡಿ ಹಾಕಲು ಬಂದಾಗ ಅವನ ಗಾಯ ಇನ್ನೂ ಹಸಿ. ಕೈದಿಗಳೆಷ್ಟೋ ಅಷ್ಟು ಬೇಡಿ ಲೆಕ್ಕ ಕೊಡಬೇಕು ಎಂದ ಜೈಲಿನವನಿಗೆ, ಪಕ್ಕದಲ್ಲಿದ್ದ ಕ್ಯಾಪ್ಟನ್ ಲೂಕಸ್ ಅವನದ್ದನ್ನೂ ನನಗೇ ಹಾಕಿ ಎಂದನಂತೆ. ಲೂಕಸ್ ಸೆರೆಯಲ್ಲೇ ತೀರಿಕೊಂಡ. ಬೇಲಿ 1782ರ ನವೆಂಬರ್ 13ರಂದು ತೀರಿಕೊಂಡ, ಗುಂಬಜ್‌ಗೆ ಹೋಗುವವರಿಗೆ ಅವನ ಸ್ಮಾರಕ ಇಂದಿಗೂ ಸಿಗುತ್ತದೆ. ಬೇರ್ಡ್ ಉಳಿದ. ಇಬ್ಬಿಬ್ಬರನ್ನು ಸೇರಿಸಿ ಸರಪಳಿ ಹಾಕಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ ಮರುಗಿದ್ದು ಮಗನಿಗಲ್ಲ, ಮಗನ ಜೊತೆ ಕಟ್ಟಿಸಿಕೊಂಡವನ ಪಾಡಿಗೆ. ಮಗನ ಸಿಡುಕು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಮದರಾಸಿಗೆ ಈಗ ಹೊಸ ಗವರ್ನರ್ ಲಾರ್ಡ್ ಮೆಕಾರ್ಟ್ನಿ. ಅವನ ಹಿನ್ನೆಲೆಯನ್ನು ಕೇಳಿ. ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದ ಗವರ್ನರನಾಗಿದ್ದಾಗ 1779ರಲ್ಲಿ, ಅದೇ ಅಮೆರಿಕದ ಯುದ್ಧದಲ್ಲಿ, ಫ್ರೆಂಚರಿಗೆ ಸೆರೆಸಿಕ್ಕು ಬಂದವನು. 1781ರ ಜೂನ್‌ನಲ್ಲಿ ಇಲ್ಲಿ ಇಳಿದ. ಎಂಟು ತಿಂಗಳಿಗೆ ಕೋಟೆಯ ಗೋಡೆಯ ಮೇಲಿಂದ ನೋಡಿದರೆ ಮತ್ತೆ ಫ್ರೆಂಚರು! 1782ರ ಫೆಬ್ರವರಿ 15. ಸೂಫ್ರಾನ್ ಎಂಬ ದಢೂತಿ, ಸಿಟ್ಟಿನ ನೌಕಾಪತಿ ಹನ್ನೆರಡು ಯುದ್ಧನೌಕೆಗಳೊಂದಿಗೆ ಮದರಾಸಿನ ಮುಂದೆ. ಎದುರಿಗೆ ಅಡ್ಮಿರಲ್ ಹ್ಯೂಸನ ಒಂಬತ್ತು, ಅದೂ ಕೋಟೆಯ ತೋಪುಗಳ ಆಸರೆಯಲ್ಲಿ ಮುದುಡಿ ನಿಂತವು. ಸೂಫ್ರಾನ್ ನುಗ್ಗಲಿಲ್ಲ, ದಕ್ಷಿಣಕ್ಕೆ ತಿರುಗಿದ. ಎರಡು ದಿನದಲ್ಲಿ ಸದ್ರಾಸಿನ ಮುಂದೆ, ಈಗಿನ ಕಲ್ಪಾಕ್ಕಂ ಹತ್ತಿರ, ಮೊದಲ ಕಾಳಗ. ಆಮೇಲೆ ಹದಿನಾರು ತಿಂಗಳಲ್ಲಿ ಇನ್ನೂ ನಾಲ್ಕು. ಒಂದರಲ್ಲೂ ಯಾವ ಪಡೆಯೂ ಪೂರ್ತಿ ಮುಳುಗಲಿಲ್ಲ, ಯಾವುದೂ ಪೂರ್ತಿ ಗೆಲ್ಲಲಿಲ್ಲ. ಸೂಫ್ರಾನ್ ತಾನು ಹಿಡಿದ ಇಂಗ್ಲಿಷ್ ಕೈದಿಗಳನ್ನು ಸಾಕಲಾಗದೆ ಹೈದರನ ವಶಕ್ಕೆ ಕೊಟ್ಟುಬಿಟ್ಟ. ಅವರಲ್ಲಿ ಜೇಮ್ಸ್ ಸ್ಕರಿ ಎಂಬ ಹದಿನಾರರ ಹುಡುಗ. ಹತ್ತು ವರ್ಷ ಮೈಸೂರು ಸೀಮೆಯಲ್ಲಿ ಕಳೆದು, ಪ್ರಾಣ ಕೈಲಿ ಹಿಡಿದು ತಪ್ಪಿಸಿಕೊಂಡು ಊರಿಗೆ ಮುಟ್ಟಿದಾಗ ಅವನಿಗೆ ಕುರ್ಚಿಯ ಮೇಲೆ ಕೂರುವುದೇ ಮರೆತಿತ್ತು, ತಾಯ್ನುಡಿ ನಾಲಿಗೆಯಲ್ಲಿ ತಡವರಿಸುತ್ತಿತ್ತು.

ಊರೊಳಗೆ ಇನ್ನೊಂದು ಯುದ್ಧ. ಎರಡು ವರ್ಷದಿಂದ ಸುತ್ತ ಬೆಳೆಯಿಲ್ಲ. ಗೋಡೆಯ ಒಳಗೆ ತುಂಬಿದ ಜನಕ್ಕೆ ಬಂಗಾಳದ ಅಕ್ಕಿಯೇ ಗತಿ. ಮದರಾಸಿಗೆ ಆಗ ಬಂದರು ಎಂಬುದಿಲ್ಲ. ಹಡಗು ದೂರದಲ್ಲಿ ನಿಲ್ಲಬೇಕು, ಮೊಳೆಯಿಲ್ಲದೆ ನಾರಿನಲ್ಲಿ ಹಲಗೆ ಹೊಲಿದ ಮಸೂಲಾ ದೋಣಿಗಳು ಅಲೆಯ ಮೇಲೆ ಕುಣಿಯುತ್ತಾ ಮೂಟೆ ತರಬೇಕು. 1782ರ ಅಕ್ಟೋಬರ್ 15. ಗಾಳಿಯ ಬಣ್ಣ ನೋಡಿ ಹ್ಯೂಸ್ ತನ್ನ ಯುದ್ಧನೌಕೆಗಳನ್ನು ಎತ್ತಿಕೊಂಡು ಕಡಲಿಗೆ ಹೋದ. ಅಕ್ಕಿಯ ಹಡಗುಗಳು ನಿಂತಲ್ಲೇ ಉಳಿದವು. ರಾತ್ರಿ ಚಂಡಮಾರುತ. ಬೆಳಗ್ಗೆ ದಡದ ತುಂಬ ಮುರಿದ ಹಲಗೆ, ಹೆಣ, ಉಪ್ಪುನೀರಿನಲ್ಲಿ ಉಬ್ಬಿದ ಅಕ್ಕಿ.

ಆಮೇಲಿನ ತಿಂಗಳುಗಳಲ್ಲಿ ಬೀದಿಗಳಲ್ಲಿ ಹೆಣ ಎತ್ತುವ ಬಂಡಿಗಳು ಓಡಾಡಿದವು. ಪಟ್ಟಣದ ಉತ್ತರಕ್ಕೆ ಒಬ್ಬ ಮಣಿಯಗಾರನ ಛತ್ರದಲ್ಲಿ ಗಂಜಿ ಹಾಕಲು ಶುರುಮಾಡಿದರು. ಆ ಮಣಿಗಾರ್ ಛತ್ರವೇ ಬೆಳೆಯುತ್ತಾ ಆಸ್ಪತ್ರೆಯಾಗಿ, ಇಂದಿನ ಸ್ಟ್ಯಾನ್ಲಿ ಆಸ್ಪತ್ರೆಯಾಗಿದೆ. ಹಳೇ ಮದರಾಸಿಗರು ಅದನ್ನು ಈಗಲೂ ಕಂಜಿತೊಟ್ಟಿ ಆಸ್ಪತ್ರೆ ಎನ್ನುತ್ತಾರೆ. ಗಂಜಿಯ ತೊಟ್ಟಿ. ಈ ಯುದ್ಧಕ್ಕೆ ಊರಿನ ಜನ ಇಟ್ಟ ಸ್ಮಾರಕ ನನಗೆ ಗೊತ್ತಿರುವಂತೆ ಅದೊಂದೇ.

1782ರ ಡಿಸೆಂಬರ್ 7. ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಪಾಳೆಯದಲ್ಲಿ, ಬೆನ್ನುಹುಣ್ಣಿನಿಂದ ನರಳುತ್ತಿದ್ದ ಹೈದರ್ ಕಣ್ಣು ಮುಚ್ಚಿದ. ಟಿಪ್ಪು ಎಲ್ಲಿ? ನಾಡಿನ ಆಚೆಯ ತುದಿ, ಮಲಬಾರಿನ ಪೊನ್ನಾನಿಯಲ್ಲಿ. ಸುದ್ದಿ ಹೊರಬಿದ್ದರೆ ದಂಡು ಚೆದುರುತ್ತದೆ, ಮದರಾಸು ಮೇಲೆ ಬೀಳುತ್ತದೆ. ಮಂತ್ರಿಗಳಾದ ಪೂರ್ಣಯ್ಯ, ಕೃಷ್ಣರಾವ್ ತುಟಿ ಬಿಗಿದರು. ಹೆಣವನ್ನು ಸುಗಂಧ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಸಾಮಾನು ಎಂಬಂತೆ ಕಾವಲು ಹಾಕಿ ಕೋಲಾರಕ್ಕೆ ಸಾಗಿಸಿದರು. ಪಾಳೆಯದಲ್ಲಿ ನವಾಬರಿಗೆ ಸ್ವಲ್ಪ ಮೈಗೆ ಹುಷಾರಿಲ್ಲ, ಅಷ್ಟೇ. ಹುಕುಮುಗಳು ಹೊರಡುತ್ತಲೇ ಇದ್ದವು, ಸಂಬಳ ಬಟವಾಡೆಯಾಗುತ್ತಲೇ ಇತ್ತು. ಕಿರಿಮಗ ಕರೀಮನನ್ನು ಪಟ್ಟಕ್ಕೇರಿಸುವ ಸಂಚೊಂದು ಮೊಳೆತಾಗ ಅದನ್ನು ಸದ್ದಿಲ್ಲದೆ ಚಿವುಟಿದರು. ಅತ್ತ ಪೊನ್ನಾನಿಯಲ್ಲಿ ಟಿಪ್ಪುವಿನ ದಂಡು ಏಕಾಏಕಿ ಮಾಯವಾಯಿತು. ಯಾಕೆಂದು ಇಂಗ್ಲಿಷರಿಗೆ ಹೊಳೆಯಲಿಲ್ಲ. ಘಟ್ಟ, ಕಾಡು, ಬಯಲು ದಾಟಿ ಅವನು ಪಾಳೆಯ ಮುಟ್ಟುವವರೆಗೆ ವಾರಗಟ್ಟಲೆ ಒಂದು ದೊಡ್ಡ ಸೇನೆ ಸತ್ತ ದೊರೆಯ ಹೆಸರಿನಲ್ಲಿ ಶಿಸ್ತಾಗಿ ನಡೆಯಿತು.

ಗುಟ್ಟು ಮದರಾಸಿಗೆ ಸೋರಿರಲಿಲ್ಲವೇ? ಸೋರಿತ್ತು. ಮೆಕಾರ್ಟ್ನಿ ಕುಣಿದಾಡಿದ, ಈಗಲೇ ಹೊರಡು ಎಂದ. ಆದರೆ ಕೂಟ್ ಕಾಯಿಲೆಯಿಂದ ಬಂಗಾಳಕ್ಕೆ ಹೋಗಿದ್ದ, ದಂಡು ಒಂಟಿಕಾಲಿನ ಸ್ಟುವರ್ಟನ ಕೈಲಿತ್ತು. ಹೈದರ್ ಸತ್ತದ್ದು ಖಾತ್ರಿಯೇ, ಎತ್ತುಗಳೆಲ್ಲಿ, ಅಕ್ಕಿಯೆಲ್ಲಿ, ಸಮಯ ಬಂದಾಗ ಹೊರಡುತ್ತೇನೆ ಎಂದು ಸ್ಟುವರ್ಟ್ ರಾಗ ಎಳೆದ. ಆ ಸಮಯ ಬರುವಷ್ಟರಲ್ಲಿ ಟಿಪ್ಪು ಪಟ್ಟದಲ್ಲಿದ್ದ. ಗವರ್ನರನಿಗೂ ಜನರಲ್‌ಗೂ ಮಾತು ನಿಂತಿತು. ಏಪ್ರಿಲ್‌ನಲ್ಲಿ ಮತ್ತೆ ಬಂದಿಳಿದ ಕೂಟ್ ಎರಡೇ ದಿನಕ್ಕೆ ಮದರಾಸಿನಲ್ಲಿ ತೀರಿಕೊಂಡ.

1783ರ ಜೂನ್ 13ರಂದು ಸ್ಟುವರ್ಟ್ ಕಡಲೂರಿನಲ್ಲಿ ಫ್ರೆಂಚರ ಮೇಲೆ ಬಿದ್ದ. ಒಂದೇ ದಿನದಲ್ಲಿ ಸಾವಿರದ ಹತ್ತಿರ ಜನ ಸತ್ತರು, ಗಾಯಗೊಂಡರು. 20ರಂದು ಸೂಫ್ರಾನ್ ಹ್ಯೂಸನನ್ನು ಕಡಲಿನಿಂದ ಅಟ್ಟಿದ. ಮುತ್ತಿಗೆ ಹಾಕಿದವರೇ ಮುತ್ತಿಗೆಗೆ ಸಿಕ್ಕರು. ಇನ್ನೇನು ಸ್ಟುವರ್ಟನ ದಂಡು ಕರಗಬೇಕು, ತಿಂಗಳ ಕೊನೆಗೆ ಮದರಾಸಿನಿಂದ ಬಿಳಿ ಬಾವುಟದ ಹಡಗೊಂದು ಬಂತು. ಯುರೋಪಿನಲ್ಲಿ ಒಪ್ಪಂದವಾಗಿದೆ. ಯಾವಾಗ? ಜನವರಿ 20ರಂದು! ಐದು ತಿಂಗಳ ಹಿಂದೆಯೇ ಮುಗಿದಿದ್ದ ಯುದ್ಧಕ್ಕೆ ಇಷ್ಟೂ ಜನ ಸತ್ತಿದ್ದರು. ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್ನಿನಲ್ಲಿ ಹೊತ್ತಿದ ಯುದ್ಧದ ಕೊನೆಯ ದೊಡ್ಡ ಕಾಳಗ ನಡೆದದ್ದು ಚೆನ್ನೈನಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿಯ ಕಡಲೂರಿನಲ್ಲಿ. ಅಮೆರಿಕನ್ನರಿಗೆ ಇದರ ವಾಸನೆ ಒಂದಿಷ್ಟು ಇತ್ತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ನಾವಿಕ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿದ. ಅವನ ಹಡಗಿನ ಹೆಸರು ‘ಹೈದರ್ ಅಲಿ’.

ಟಿಪ್ಪು ಮಾತ್ರ ಫ್ರೆಂಚರಂತೆ ಬಿಡಲಿಲ್ಲ. ಮಂಗಳೂರಿನಲ್ಲಿ ಕಾದಾಡಿ, 1784ರ ಮಾರ್ಚ್ 11ರಂದು ಅಲ್ಲೇ ತನ್ನ ಷರತ್ತಿಗೆ ಸಹಿ ಹಾಕಿಸಿಕೊಂಡ. ಮೂರೂವರೆ ವರ್ಷದ ನಂತರ ಬೇರ್ಡ್‌ನ ಬೇಡಿ ಕಳಚಿತು. ಹದಿನೈದು ವರ್ಷ ಕಳೆದು, 1799ರ ಮೇ 4ರ ಮಧ್ಯಾಹ್ನ, ಕಾವೇರಿ ದಾಟಿ ಶ್ರೀರಂಗಪಟ್ಟಣದ ಒಡೆದ ಗೋಡೆ ಹತ್ತಿದ ದಂಡಿನ ಮುಂದೆ ಇದ್ದವನು ಅವನೇ.

ಸ್ಟುವರ್ಟನ ಕಥೆ ಬಾಕಿಯಿದೆ. 1783ರ ಸೆಪ್ಟೆಂಬರ್ 17ರಂದು ಮೆಕಾರ್ಟ್ನಿಯ ಕಾರ್ಯದರ್ಶಿ ಸಿಪಾಯಿಗಳನ್ನು ಕರೆದುಕೊಂಡು ಹೋಗಿ ಊರಾಚೆಯ ಮನೆಯಲ್ಲಿದ್ದ ಸ್ಟುವರ್ಟನನ್ನು ಹಿಡಿದು ತಂದ. ಗವರ್ನರನನ್ನು ಗಾಡಿಯಿಂದ ಇಳಿಸಿದ್ದವನನ್ನು ಏಳು ವರ್ಷದ ಮೇಲೆ ಗವರ್ನರ್ ಹಡಗು ಹತ್ತಿಸಿದ. ಸ್ಟುವರ್ಟ್ ಲಂಡನ್ನಿನಲ್ಲಿ ಕಾದ. 1786ರ ಜೂನ್ 8ರ ಮುಂಜಾನೆ, ಹೈಡ್ ಪಾರ್ಕಿನ ಹತ್ತಿರ ಇಬ್ಬರೂ ಪಿಸ್ತೂಲು ಹಿಡಿದು ಹನ್ನೆರಡು ಹೆಜ್ಜೆ ದೂರದಲ್ಲಿ ಎದುರುಬದುರಾದರು. ಮೆಕಾರ್ಟ್ನಿಗೆ ದೂರದ್ದು ಸರಿಯಾಗಿ ಕಾಣದು. ಸ್ಟುವರ್ಟ್‌ಗೆ ಒಂಟಿಕಾಲಿನಲ್ಲಿ ನಿಲ್ಲಲಾಗದು, ಅವನು ಒಂದು ಮರಕ್ಕೆ ಬೆನ್ನು ಆನಿಸಿಕೊಂಡ. ಎರಡು ಗುಂಡು ಹಾರಿದವು. ಮೆಕಾರ್ಟ್ನಿಗೆ ತಗುಲಿತು. ಇಷ್ಟಕ್ಕೆ ತೃಪ್ತಿಯಿಲ್ಲ, ಇನ್ನೊಂದು ಸುತ್ತು ಆಗಲಿ ಎಂದ ಸ್ಟುವರ್ಟ್. ಜೊತೆಗೆ ಬಂದವರು ಒಪ್ಪಲಿಲ್ಲ.